ಊರೂರಿನ ಚರಿತ್ರೆ ಬರೆಸಿದ ಕರ್ನಲ್ ಮೆಕೆಂಜಿ

ಕಂಪ್ಲಿ ಸೀಮೆಯ ಭಕ್ತರು ತಮ್ಮ ಮನೆತನದ ಮೂಲವನ್ನು ಅರಿಯಬಯಸಿದಾಗ ಮೊದಲು ನೆನೆಯುವುದು ಹೆಳವರನ್ನು. ಎತ್ತಿನೊಡನೆ ಮನೆಬಾಗಿಲಿಗೆ ಬಂದು, ಹಿರಿಯರ ಹೆಸರುಗಳನ್ನೂ ಮೂಲ ಊರನ್ನೂ ಬೆಡಗನ್ನೂ ತಲೆಮಾರುಗಳ ಕ್ರಮದಲ್ಲಿ ಹೇಳಬಲ್ಲ ಆ ವಿದ್ಯೆಯನ್ನು ನಮ್ಮ ಹಿರಿಯರು ದವಸ ಕೊಟ್ಟು ಸಲಹಿದರು. ಆದರೆ ಹೆಳವರು ಹೇಳುವುದು ಮನೆತನದ ಕಥೆ. ಊರು ಯಾರು ಕಟ್ಟಿದರು, ಕೆರೆ ಯಾರು ತೋಡಿಸಿದರು, ಮಠಕ್ಕೆ ಇನಾಮು ಯಾರಿಂದ ಬಂದಿತು ಎಂಬುದನ್ನು ತಿಳಿಯಲು ಕೈಫಿಯತ್ತುಗಳನ್ನು ತೆರೆಯಬೇಕು. ಅವುಗಳನ್ನು ಬರೆಸಿದವರು ಕನ್ನಡವನ್ನು ಓದಲರಿಯದ ಒಬ್ಬ ಪರದೇಶದ ಅಧಿಕಾರಿ ಎಂಬುದು ಸೋಜಿಗದ ಸಂಗತಿ.

ಕಾಲಿನ್ ಮೆಕೆಂಜಿಯವರು ಸುಮಾರು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇ ಎಂಬ ಬಂದರು ಊರಿನಲ್ಲಿ ಜನಿಸಿದರು. ಅಲ್ಲಿಯ ಸುಂಕದ ಕಚೇರಿಯಲ್ಲಿ ಕೆಲಕಾಲ ದುಡಿದು, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು. ಅದರ ಬೆನ್ನಿಗೇ ಮೈಸೂರು ಸೀಮೆಯ ಮೋಜಣಿಯ ಭಾರ ಅವರ ಮೇಲೆ ಬಿದ್ದಿತು.

ನೆಲವನ್ನು ಅಳೆಯುವುದಷ್ಟೇ ಅವರಿಗೆ ಒಪ್ಪಿಸಿದ ಕಾರ್ಯ. ಆ ನೆಲದ ಕಥೆಯನ್ನೂ ಕೇಳಿದ್ದು ಅವರ ಸ್ವಂತ ಹಂಬಲ. 1800ರ ಸುಮಾರಿಗೆ ಹಂಪಿಗೆ ಬಂದು ಹಾಳುಬಿದ್ದ ವಿಜಯನಗರದ ನಕ್ಷೆಯನ್ನು ಸಿದ್ಧಪಡಿಸಿದರು. ಸಮೀಪದ ಕಮಲಾಪುರದಲ್ಲಿ ಆನೆಗೊಂದಿ ರಾಜಮನೆತನದ ಅಂದಿನ ಪ್ರತಿನಿಧಿಯಾಗಿದ್ದ ತಿಮ್ಮಪ್ಪನವರ ಬಾಯಿಂದಲೇ ಆ ವಂಶದ ವೃತ್ತಾಂತವನ್ನು ಬರೆಸಿಕೊಂಡರು. ಸಿಂಹಾಸನ ಹೋಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಂದಿದ್ದರೂ ವಂಶದ ನೆನಪು ಅಳಿದಿರಲಿಲ್ಲ.

ಮೆಕೆಂಜಿಯವರ ಹೆಸರಿನೊಡನೆ ಅವರ ಸಹಾಯಕರನ್ನೂ ನೆನೆಯದಿದ್ದರೆ ನಾವು ಕೃತಘ್ನರಾದೇವು. ಕಾವಲಿ ವೆಂಕಟ ಬೊರಯ್ಯನವರು ಈ ಸಂಗ್ರಹಕಾರ್ಯಕ್ಕೆ ದಾರಿ ಹಾಕಿ 1803ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ತಮ್ಮ ಲಕ್ಷ್ಮಯ್ಯನವರು ಆ ಹೊಣೆಯನ್ನು ಹೊತ್ತರು. ಹಳಗನ್ನಡ ಶಾಸನಗಳನ್ನು ಓದಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಇಂತಹ ಗುಮಾಸ್ತರು ಹಳ್ಳಿಹಳ್ಳಿಗೆ ನಡೆದು ಶಾನುಭೋಗರ ಕಡತಗಳನ್ನು ಬಿಚ್ಚಿಸಿದರು, ಪಾಳೆಯಗಾರರ ವಂಶಾವಳಿಗಳನ್ನು ಬರೆದುಕೊಂಡರು, ಶಾಸನಗಳ ಪ್ರತಿ ಮಾಡಿದರು. ಎಲ್ಲೆಡೆಯೂ ಆದರ ದೊರೆಯಲಿಲ್ಲ. ಸರ್ಕಾರದವರು ಹಳೆಯ ಕಾಗದ ಕೇಳುತ್ತಾರೆಂದರೆ ಇನಾಮು ಕಿತ್ತುಕೊಳ್ಳಲೆಂದೇ ಎಂಬ ಅಂಜಿಕೆ ಜನರಲ್ಲಿತ್ತು. ಆ ಅಂಜಿಕೆ ನಿರಾಧಾರವೆನ್ನಲು ನಮಗೆ ಮನಸ್ಸು ಬಾರದು.

ಕೈಫಿಯತ್ತುಗಳಲ್ಲಿ ಇರುವುದೆಲ್ಲವೂ ನಿಜವೆಂದು ನಾವು ಹೇಳುವುದಿಲ್ಲ. ಪಾಳೆಯಗಾರರು ತಮ್ಮ ಕುಲವನ್ನು ಪುರಾಣದ ಅರಸರಿಗೆ ಜೋಡಿಸಿದ್ದುಂಟು, ತಲೆಮಾರುಗಳನ್ನು ಹಾರಿಸಿದ್ದುಂಟು. ನಮ್ಮ ಕಂಪ್ಲಿಯನ್ನೇ ನೋಡೋಣ. ಕಂಪಿಲರಾಯನ ರಾಜ್ಯವು 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯಕ್ಕೆ ಬಿದ್ದಿತೆಂಬುದು ಇತಿಹಾಸ. ಅವನ ಮಗ ಕುಮಾರರಾಮನಾದರೋ ಜನರ ಹಾಡಿನಲ್ಲಿ, ಪೂಜೆಯಲ್ಲಿ ಇಂದಿಗೂ ಉಳಿದಿದ್ದಾನೆ. ಇವೆರಡನ್ನೂ ಬೆರೆಸದೆ, ಎರಡನ್ನೂ ಬಿಡದೆ ಓದಬೇಕಾಗುತ್ತದೆ. ವಂಶಾವಳಿ ಹೇಳುವ ಹೆಸರು ಶಾಸನದಲ್ಲಿಯೂ ದೊರೆತರೆ ಮಾತ್ರ ಅದಕ್ಕೆ ಕಾಲದ ಬಲ ಬರುತ್ತದೆ.

1815ರಲ್ಲಿ ಮೆಕೆಂಜಿಯವರು ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಮರುವರ್ಷ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಅವರು ಸಹಾಯಕರ ನಡುವೆ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಓಲೆಗರಿ, ದೂರದಲ್ಲಿ ಗೊಮ್ಮಟಮೂರ್ತಿ. ಸಂಗ್ರಹಕ್ಕಾಗಿ ಸ್ವಂತ ಹಣವನ್ನು ಧಾರಾಳವಾಗಿ ವ್ಯಯಿಸಿದ ಅವರಿಗೆ ಅದನ್ನು ಓದಿ ಕ್ರಮಪಡಿಸುವಷ್ಟು ಆಯುಷ್ಯ ದೊರೆಯಲಿಲ್ಲ. 1821ರ ಮೇ 8ರಂದು ಕಲ್ಕತ್ತದ ಬಳಿ ನಿಧನರಾದರು. ಎಂಟು ಸಾವಿರಕ್ಕೂ ಮಿಕ್ಕ ಶಾಸನಪ್ರತಿಗಳಿದ್ದ ಆ ರಾಶಿಯನ್ನು ಕಂಪನಿಯು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯನವರು ಅನುಮತಿ ಬೇಡಿದರು. ಈ ನಾಡಿನವರಿಗೆ ಅಷ್ಟು ಸಾಮರ್ಥ್ಯವಿಲ್ಲವೆಂದು ಕಲ್ಕತ್ತದ ವಿದ್ವಾಂಸರು ನಿರಾಕರಿಸಿದರು. ಇಪ್ಪತ್ತು ವರ್ಷ ಆ ಕಾಗದಗಳೊಡನೆ ಬಾಳಿದವರಿಗೆ ದೊರೆತ ಉತ್ತರ ಇದು.

ಕನ್ನಡದ ಕೈಫಿಯತ್ತುಗಳು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಬಹುಕಾಲ ಉಳಿದವು. ಡಾ. ಎಂ. ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದರು. ತಿಮ್ಮಪ್ಪನವರು ತಮ್ಮ ವಂಶವನ್ನು ಹೇಳಿಕೊಂಡ ಕಮಲಾಪುರದಿಂದ ಆ ವಿಶ್ವವಿದ್ಯಾಲಯವು ದೂರವಿಲ್ಲ. ಕಂಪ್ಲಿಯಿಂದ ಬೆಳಿಗ್ಗೆ ಹೊರಟವರು ಗ್ರಂಥವನ್ನು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು.