ಕಾರಾಪುರದ ಹುಡುಗ, ಹಾಲಿವುಡ್‌ನ ಕಾಡು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮೇಲೂರಿನಲ್ಲಿ ರೇಷ್ಮೆಗೂಡಿನ ಹಣ ಕೈಸೇರಿದ ವಾರ ಮಕ್ಕಳಿಗೂ ಸಿನಿಮಾ ಭಾಗ್ಯ ದೊರೆಯುತ್ತಿತ್ತು. ಹಾಗೊಮ್ಮೆ ಟೆಂಟಿನಲ್ಲಿ ಕುಳಿತು ನೋಡಿದ ಹಳೆಯ ಇಂಗ್ಲಿಷ್ ಚಿತ್ರ ‘ಜಂಗಲ್ ಬುಕ್’. ಸೊಂಟಕ್ಕೆ ತುಂಡು ಬಟ್ಟೆ ಸುತ್ತಿಕೊಂಡು ಪ್ರಾಣಿಗಳೊಡನೆ ಮಾತಾಡುವ ಆ ಹುಡುಗ ಯಾವುದೋ ದೂರದೇಶದವನೆಂದೇ ನಾವು ನಂಬಿದ್ದೆವು. ಅವನು ಮೈಸೂರು ಸೀಮೆಯ ಕಾರಾಪುರದವನೆಂದು ನನಗೆ ತಿಳಿದದ್ದು ಸರ್ಕಾರಿ ಸೇವೆಗೆ ಸೇರಿ ಹೆಗ್ಗಡದೇವನಕೋಟೆಯ ಕಡೆ ತಿರುಗಾಡತೊಡಗಿದ ಮೇಲೆ.

ಸಾಬು ಹುಟ್ಟಿದ್ದು 1924ರಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ತಬ್ಬಲಿಯಾದ ಬಾಲಕ ಆನೆಲಾಯದ ಆಶ್ರಯದಲ್ಲಿ ಬೆಳೆದ. 1935ರಲ್ಲಿ ಕಿಪ್ಲಿಂಗನ ಕಥೆಯೊಂದನ್ನು ಚಿತ್ರಿಸಲು ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂದಾಗ ಅವರ ಕಣ್ಣಿಗೆ ಬಿದ್ದ. ಫ್ಲಾಹರ್ಟಿ ಸಾಮಾನ್ಯರಲ್ಲ, 1922ರ ‘ನಾನೂಕ್ ಆಫ್ ದಿ ನಾರ್ತ್’ನಿಂದ ಸಾಕ್ಷ್ಯಚಿತ್ರಕ್ಕೆ ದಾರಿ ತೋರಿದವರು. ಬಂದೂಕು ಬಳಸುತ್ತಿದ್ದ ಇನ್ಯೂಟ್ ಬೇಟೆಗಾರರ ಕೈಗೆ ಹಳೆಯ ಕಾಲದ ಈಟಿ ಹಿಡಿಸಿ ಚಿತ್ರೀಕರಿಸಿದವರೂ ಅವರೇ. ‘ಎಲಿಫೆಂಟ್ ಬಾಯ್’ ಮೈಸೂರಿನಲ್ಲಿ ಆರಂಭವಾಗಿ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮುಗಿದು 1937ರಲ್ಲಿ ತೆರೆ ಕಂಡಿತು. ಹದಿಮೂರರ ಹುಡುಗ ವಿಶ್ವವಿಖ್ಯಾತನಾದ.

ಮುಂದಿನದು ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದದ್ದು. ಮಾರುಕಟ್ಟೆಯಲ್ಲಿ ಬೇಡಿಕೆಯಿದ್ದದ್ದು ಪೂರ್ವದೇಶಗಳ ಬಗೆಗಿನ ಒಂದು ಕಲ್ಪನೆಗೆ. ಆ ಸರಕಿಗೆ ಮೈಯೊಡ್ಡಿದವನು ಸಾಬು. 1938ರ ‘ದಿ ಡ್ರಮ್’ನಲ್ಲಿ ಬ್ರಿಟಿಷರ ಮಿತ್ರನಾದ ಗಡಿನಾಡಿನ ರಾಜಕುಮಾರ, ಆ ಚಿತ್ರದ ವಿರುದ್ಧ ಮುಂಬಯಿಯಲ್ಲಿ ಜನ ಬೀದಿಗಿಳಿದರು. 1940ರಲ್ಲಿ ಬಾಗ್ದಾದಿನ ಕಳ್ಳ, 1942ರಲ್ಲಿ ಮೌಗ್ಲಿ, ಆಮೇಲೆ ಅರಬ್ಬೀ ಕಥೆ, ದಕ್ಷಿಣ ಸಮುದ್ರದ ದ್ವೀಪ. ದೇಶ ಯಾವುದಾದರೇನು, ವೇಷ ಹೆಚ್ಚುಕಡಿಮೆ ಅದೇ.

ಪರದೆಯ ಹೊರಗಿನ ಸಾಬು ಬೇರೆ. 1944ರಲ್ಲಿ ಅಮೆರಿಕದ ಪೌರತ್ವ ಪಡೆದರು. ಬಿ-24 ಬಾಂಬರ್ ವಿಮಾನದ ಹಿಂತುದಿಯಲ್ಲಿ ಕುಳಿತು ಗುಂಡು ಹಾರಿಸುವ ಸೈನಿಕರಾಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಗಳಿಸಿದರು. ಮರಳಿ ಬಂದ ಈ ಯೋಧನಿಗೆ ‘ಬ್ಲ್ಯಾಕ್ ನಾರ್ಸಿಸಸ್’ನಂಥ ಒಂದೆರಡನ್ನು ಬಿಟ್ಟರೆ ದೊರೆತದ್ದು ಮತ್ತದೇ ಕಾಡು, ಅದೂ ಅಗ್ಗದ ಚಿತ್ರಗಳಲ್ಲಿ. 1952ರಲ್ಲಿ ಲಂಡನ್ನಿನ ಸರ್ಕಸ್ಸೊಂದರಲ್ಲಿ ಮತ್ತೆ ಆನೆಯ ಜೊತೆ ನಿಂತರು. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರ ಮೊದಲು ಅವರಿಗೇ ನಿಗದಿಯಾಗಿತ್ತು, ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯದೆ ಕೈತಪ್ಪಿ ಸುನೀಲ್ ದತ್ ಅವರ ಪಾಲಾಯಿತು. ಆ ಕಡತ ಯಾವ ಮೇಜಿನ ಮೇಲೆ ನಿಂತಿತೋ ಎಂದು, ಕಡತಗಳ ನಡುವೆಯೇ ಆಯುಷ್ಯ ಕಳೆದ ನನಗೆ ಆಗಾಗ ಅನ್ನಿಸುವುದುಂಟು. ಒಂದೂ ಭಾರತೀಯ ಚಿತ್ರದಲ್ಲಿ ನಟಿಸದ ಸಾಬು 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 39.

ಹಾಲಿವುಡ್ಡನ್ನು ದೂರುವುದು ಸುಲಭ. ನಾನು ಸೇವೆಯಲ್ಲಿದ್ದಾಗ ಉತ್ಸವವೊಂದರ ಮೆರವಣಿಗೆಗೆ ಹಾಡಿಯ ಕಲಾವಿದರನ್ನು ಕರೆಸಿದ್ದೆವು. ಪ್ಯಾಂಟು ಶರ್ಟು ತೊಟ್ಟು ಬಂದ ಅವರು ನೋಡುಗರಿಗೆ ಆದಿವಾಸಿಗಳಂತೆ ಕಾಣುವುದಿಲ್ಲವೆಂದು ಸೊಪ್ಪಿನ ಉಡುಪು ತೊಡಿಸುವ ತೀರ್ಮಾನವಾಯಿತು. ಟಿಪ್ಪಣಿಗೆ ಒಪ್ಪಿಗೆ ಬರೆದವನು ನಾನೇ. ಅವರಲ್ಲಿ ಹಿರಿಯರೊಬ್ಬರು ಮೊದಲು ಬೇಡವೆಂದರು, ಆಮೇಲೆ ಸುಮ್ಮನಾದರು. ಮೆರವಣಿಗೆ ಮುಗಿದೊಡನೆ ಲಾರಿಯ ಮರೆಯಲ್ಲಿ ಸೊಪ್ಪು ಕಳಚಿ, ತಮ್ಮ ಬಟ್ಟೆ ತೊಟ್ಟು, ಭತ್ಯೆಯ ಪಟ್ಟಿಗೆ ಒಬ್ಬೊಬ್ಬರಾಗಿ ಸಹಿ ಹಾಕಿ ಊರಿನ ಬಸ್ಸು ಹಿಡಿಯಲು ಹೊರಟರು. ಮರುದಿನ ಪತ್ರಿಕೆಯಲ್ಲಿ ಅಚ್ಚಾದದ್ದು ಸೊಪ್ಪು ತೊಟ್ಟ ಚಿತ್ರ.