ಮನೆಯಲ್ಲೇ ಆಕಾಶವಾಣಿ ಕಟ್ಟಿದ ಮೇಷ್ಟ್ರು

2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ಒಂದು ಸೂಚನೆ ಹೊರಡಿಸಿತು. ಇಂಗ್ಲಿಷ್ ಪ್ರಸಾರಗಳಲ್ಲಿಯೂ ಇನ್ನು ಮುಂದೆ ಆಲ್ ಇಂಡಿಯಾ ರೇಡಿಯೊ ಎನ್ನದೆ ಆಕಾಶವಾಣಿ ಎಂದೇ ಹೇಳಬೇಕು ಎಂಬುದು ಅದರ ಸಾರ. ತಮಿಳುನಾಡಿನ ರಾಜಕೀಯ ಪಕ್ಷಗಳಿಂದ ಇದಕ್ಕೆ ಆಕ್ಷೇಪ ಬಂತು. ಇದು ಹಿಂದಿ ಹೇರಿಕೆಯ ಮತ್ತೊಂದು ರೂಪ ಎಂಬ ಮಾತೂ ಕೇಳಿಬಂತು. ವಾದ ವಿವಾದ ಏನೇ ಇರಲಿ, ಆ ಹೆಸರು ದೆಹಲಿಯ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಬಾನುಲಿ ಕೇಂದ್ರವೊಂದರ ಹೆಸರಾಗಿ ಅದು ಮೊದಲು ಕೇಳಿಸಿದ್ದು ಮೈಸೂರಿನ ಒಂದು ಮನೆಯಿಂದ, 1935ರ ಸೆಪ್ಟೆಂಬರ್ 10ರಂದು ಆರಂಭವಾದ ಪ್ರಸಾರದಲ್ಲಿ. ಆ ಮನೆಯ ಹೆಸರು ವಿಠ್ಠಲ ವಿಹಾರ. ಮನೆಯ ಯಜಮಾನರು ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಬೋಧಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ.

ನಮ್ಮ ಊರುಗಳಲ್ಲಿ ರೇಡಿಯೊ, ಗ್ರಾಮಫೋನ್, ಹೈ-ಫೈ ಉಪಕರಣಗಳ ಅಂಗಡಿ ತೆರೆದವರನ್ನು ಜನ ಪ್ರೀತಿಯಿಂದ ನೆನೆಯುವುದುಂಟು. ಅವರು ಪೆಟ್ಟಿಗೆಗಳನ್ನು ಮಾರಿದ್ದಷ್ಟೇ ಅದಕ್ಕೆ ಕಾರಣವಲ್ಲ. ಒಂದು ಒಳ್ಳೆಯ ದನಿಯನ್ನು ಕಿವಿಗೊಟ್ಟು ಕೇಳುವುದು ಹೇಗೆಂದು ಊರಿಗೆ ಕಲಿಸಿದವರು ಅವರು. ಆದರೆ ಪೆಟ್ಟಿಗೆ ಮನೆಗೆ ಬಂದರೆ ಸಾಲದು. ಅದರೊಳಗಿಂದ ನಮ್ಮ ಮಾತು, ನಮ್ಮ ಸಂಗೀತ ಹೊರಡಬೇಕು. ಮೈಸೂರಿಗೆ ಆ ಎರಡನೆಯ ಅರ್ಧವನ್ನು ಒದಗಿಸಿದವರು ಗೋಪಾಲಸ್ವಾಮಿ. ಅವರದು ವ್ಯಾಪಾರವಾಗಿರಲಿಲ್ಲ. ಸರ್ಕಾರಿ ಯೋಜನೆಯೂ ಆಗಿರಲಿಲ್ಲ. ಒಬ್ಬ ಅಧ್ಯಾಪಕನ ಹಟವಾಗಿತ್ತು ಎಂದರೆ ಹೆಚ್ಚು ಸರಿ.

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಮನೋವಿಜ್ಞಾನ ಆಗಿನ್ನೂ ತತ್ತ್ವಶಾಸ್ತ್ರದ ನೆರಳಿನಿಂದ ಪೂರ್ತಿಯಾಗಿ ಹೊರಬಂದಿರದ ವಿಷಯ. ಭಾರತದಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ತೆರೆದ ಮೊದಲ ವಿಶ್ವವಿದ್ಯಾನಿಲಯ ಕಲ್ಕತ್ತಾ. ಅದರ ಬೆನ್ನಿಗೇ, 1924ರಲ್ಲಿ, ಮೈಸೂರಿನಲ್ಲಿ ವಿಭಾಗ ಆರಂಭವಾಯಿತು; ಅದನ್ನು ಕಟ್ಟುವ ಹೊಣೆ ಗೋಪಾಲಸ್ವಾಮಿಯವರದಾಯಿತು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದಿದ್ದರು. ಬುದ್ಧಿಶಕ್ತಿಯನ್ನು ಅಳೆಯಬಹುದೇ, ಬೇರೆ ಬೇರೆ ಸಾಮರ್ಥ್ಯಗಳ ಹಿಂದೆ ಒಂದೇ ಸಾಮಾನ್ಯ ಅಂಶವಿದೆಯೇ ಎಂಬ ಪ್ರಶ್ನೆಗಳಿಗೆ ಗಣಿತದ ನೆರವಿನಿಂದ ಉತ್ತರ ಹುಡುಕಿದವರು ಸ್ಪಿಯರ್‌ಮನ್. ಆ ಗರಡಿಯಲ್ಲಿ ಪಳಗಿದ ಗೋಪಾಲಸ್ವಾಮಿ, ದೈಹಿಕ ಕೌಶಲಗಳನ್ನು ಕಲಿಯುವುದರಲ್ಲಿ ಬುದ್ಧಿಯ ಪಾತ್ರವೇನು ಎಂಬ ಕುರಿತು ಬರೆದ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು.

ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಬಾನುಲಿಯನ್ನು ಕಟ್ಟಿದವರು ಭೌತವಿಜ್ಞಾನಿಯಾಗಿದ್ದರೆ ಅದು ಯಂತ್ರದ ಮೋಹವೆಂದು ಹೇಳಿಬಿಡಬಹುದಿತ್ತು. ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದನ್ನೇ ಅಭ್ಯಾಸದ ವಿಷಯವಾಗಿಸಿಕೊಂಡ ಅಧ್ಯಾಪಕರೊಬ್ಬರು ಪ್ರಸಾರಯಂತ್ರ ತಂದು ಮನೆಯಲ್ಲಿ ಇಟ್ಟುಕೊಂಡಾಗ ಅದರ ಅರ್ಥ ಬೇರೆಯಾಗುತ್ತದೆ. ಕಾಲೇಜಿನ ಕೊಠಡಿಗೆ ಬರಲಾಗದವರು ಎಷ್ಟೋ ಮಂದಿ. ಹೆಂಗಸರು, ಮುದುಕರು, ಓದು ಬಾರದವರು, ಶುಲ್ಕ ಕಟ್ಟಲಾರದವರು. ಅವರೆಲ್ಲರ ಮನೆಯ ಬಾಗಿಲಿಗೆ ಪಾಠವನ್ನೂ ಹಾಡನ್ನೂ ಕೊಂಡೊಯ್ಯುವ ಸಾಧನ ಆ ಕಾಲದಲ್ಲಿ ಬಾನುಲಿಯಲ್ಲದೆ ಬೇರೊಂದು ಇರಲಿಲ್ಲ.

ಆ ವರ್ಷದ ದೇಶದ ಸ್ಥಿತಿಯನ್ನು ಗಮನಿಸಬೇಕು. 1927ರಲ್ಲಿ ಮುಂಬೈ ಮತ್ತು ಕಲ್ಕತ್ತಾಗಳಲ್ಲಿ ಕೇಂದ್ರ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷದಲ್ಲಿ ದಿವಾಳಿಯಾಯಿತು. ಸರ್ಕಾರ ಅದನ್ನು ಒಲ್ಲದ ಮನಸ್ಸಿನಿಂದ ವಹಿಸಿಕೊಂಡಿತು. 1934ರ ಕೊನೆಯಲ್ಲಿ ಬ್ರಿಟಿಷ್ ಭಾರತದಲ್ಲಿ ಲೈಸೆನ್ಸ್ ಪಡೆದಿದ್ದ ರೇಡಿಯೊಗಳು ಸುಮಾರು 16 ಸಾವಿರ ಮಾತ್ರ. ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಬಂದು ಪ್ರಸಾರ ಇಲಾಖೆಯ ಮುಖ್ಯಸ್ಥರಾದದ್ದು 1935ರ ಆಗಸ್ಟ್‌ನಲ್ಲಿ. ದೆಹಲಿ ಕೇಂದ್ರ ಆರಂಭವಾದದ್ದು 1936ರ ಜನವರಿ 1ರಂದು. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಅಂದರೆ ರಾಜಧಾನಿ ದೆಹಲಿ ಮಾತಾಡುವುದಕ್ಕೆ ಮೊದಲೇ ಮೈಸೂರಿನ ಮನೆಯೊಂದು ಮಾತಾಡಿತ್ತು.

ಗೋಪಾಲಸ್ವಾಮಿಯವರ ಮೊದಲ ಪ್ರಸಾರಯಂತ್ರದ ಸಾಮರ್ಥ್ಯ ಕೇವಲ 30 ವ್ಯಾಟ್. ಒಂದು ಕಾಲಕ್ಕೆ ನಮ್ಮ ನಡುಮನೆಗಳಲ್ಲಿ ಉರಿಯುತ್ತಿದ್ದ ಸಾಮಾನ್ಯ ಬಲ್ಬು 60 ವ್ಯಾಟಿನದು, ಅದರ ಅರ್ಧದಷ್ಟು. ಆ ಬಲದಿಂದ ಜಗತ್ತನ್ನು ಮುಟ್ಟಲಾಗದು. ಆದರೆ ಮೈಸೂರನ್ನು ಮುಟ್ಟಬಹುದಿತ್ತು. ಮೊದಲ ಪ್ರಸಾರದಲ್ಲಿ ಕುವೆಂಪು ತಮ್ಮ ಕವಿತೆ ಓದಿದರೆಂದು ಮೈಸೂರು ಬಾನುಲಿಯ ಚರಿತ್ರೆ ನೆನೆಯುತ್ತದೆ. ಆಗ ಅವರು ಅದೇ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು, ಮೂವತ್ತರ ಹರೆಯ, ರಾಷ್ಟ್ರಕವಿ ಎಂಬ ಬಿರುದು ಇನ್ನೂ ಮೂರು ದಶಕ ದೂರದಲ್ಲಿತ್ತು. ಊರಿನ ಕವಿ ಊರಿನ ಬಾನುಲಿಯಲ್ಲಿ ಊರಿನ ಭಾಷೆಯಲ್ಲಿ ಓದಿದ್ದು ಇಂದು ಸಹಜವೆನಿಸಬಹುದು. ಇಂಗ್ಲಿಷೇ ಕಾಲೇಜು ಶಿಕ್ಷಣದ ಮಾಧ್ಯಮವಾಗಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ ಎರಡು ಹೇಳಿಕೆಗಳಿವೆ. ಆಕಾಶವಾಣಿ ಎಂಬ ಹೆಸರನ್ನು ಗೋಪಾಲಸ್ವಾಮಿಯವರೇ ಇಟ್ಟರೆಂಬುದು ಒಂದು. ಅವರ ಸಹೋದ್ಯೋಗಿಯೂ ಕನ್ನಡದ ಹಾಸ್ಯ ಸಾಹಿತಿಯೂ ಆಗಿದ್ದ ನಾ. ಕಸ್ತೂರಿಯವರು ಸೂಚಿಸಿದರೆಂಬುದು ಇನ್ನೊಂದು. ಕಸ್ತೂರಿಯವರು ಈ ಕೇಂದ್ರದ ಕೆಲಸದಲ್ಲಿ ಹೆಗಲು ಕೊಟ್ಟವರು, ಮುಂದೆ ಅದರ ಹೊಣೆಯನ್ನೂ ಹೊತ್ತವರು. ಪದವಂತೂ ಹೊಸದಲ್ಲ. ಅಶರೀರವಾಣಿಯ ಕಥೆಯನ್ನು ಪುರಾಣಗಳಲ್ಲಿ, ಯಕ್ಷಗಾನದಲ್ಲಿ, ಹರಿಕಥೆಯಲ್ಲಿ ಕೇಳಿ ಬೆಳೆದ ಜನಕ್ಕೆ ಬಾನಿನಿಂದ ಬರುವ ದನಿಯ ಕಲ್ಪನೆ ಪರಿಚಿತವೇ. ಹೊಸ ಯಂತ್ರಕ್ಕೆ ಹಳೆಯ ಪದವನ್ನು ಹೊಂದಿಸಿದ್ದರಲ್ಲಿಯೇ ಜಾಣ್ಮೆಯಿದೆ. ಪೆಟ್ಟಿಗೆಯಿಂದ ಹೊರಡುವ ದನಿಗೆ ಹೆದರಬೇಕಾಗಿಲ್ಲ, ಇದು ನಿಮ್ಮದೇ ಎಂದು ಆ ಒಂದು ಹೆಸರು ಹೇಳಿಬಿಟ್ಟಿತು.

ಕೇಂದ್ರ ನಡೆಸುವುದು ಸುಲಭವಾಗಿರಲಿಲ್ಲ. ಆರಂಭದ ವೆಚ್ಚ ಸ್ವಂತದ್ದು. ಬಳಿಕ ಸಾರ್ವಜನಿಕರು ಕೊಟ್ಟ ದೇಣಿಗೆ, ಮೈಸೂರು ಪುರಸಭೆಯ ನೆರವು ಜೊತೆಗೂಡಿದವು. ಜಾಹೀರಾತಿನ ಆದಾಯದ ಮೇಲೆ ನಿಂತ ಉದ್ಯಮ ಇದಾಗಿರಲಿಲ್ಲ. ಕೇಳುವವರೇ ಹಣ ಹಾಕಿ ಉಳಿಸಿಕೊಂಡ ಸಂಸ್ಥೆಯಾಗಿತ್ತು. ಹೀಗೆ ಸುಮಾರು ಆರು ವರ್ಷ ನಡೆದ ಮೇಲೆ, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1950ರಲ್ಲಿ ಹೈದರಾಬಾದ್, ತಿರುವನಂತಪುರ ಮುಂತಾದ ಸಂಸ್ಥಾನಗಳ ಕೇಂದ್ರಗಳೊಂದಿಗೆ ಅದೂ ಕೇಂದ್ರ ಸರ್ಕಾರದ ಆಡಳಿತಕ್ಕೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರು ಮತ್ತೆ ತನ್ನ ಕೇಂದ್ರವನ್ನು ಪಡೆದದ್ದು 1974ರಲ್ಲಿ. ಯಾದವಗಿರಿಯ ಈಗಿನ ಕೇಂದ್ರಕ್ಕೂ ವಿಠ್ಠಲ ವಿಹಾರಕ್ಕೂ ನಡುವೆ ಸುಮಾರು ಇನ್ನೂರು ಗಜ ಅಂತರ. ಆ ಇನ್ನೂರು ಗಜ ನಡೆಯಲು ಬಾನುಲಿಗೆ ಬೆಂಗಳೂರನ್ನು ಸುತ್ತಿ ಬರಬೇಕಾಯಿತು.

ಈ ನಡುವೆ ಹೆಸರು ಮಾತ್ರ ಇಡೀ ದೇಶದ ಪಾಲಾಗಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಆಲ್ ಇಂಡಿಯಾ ರೇಡಿಯೊ ಆಕಾಶವಾಣಿ ಎಂಬ ಹೆಸರನ್ನು ಅಧಿಕೃತವಾಗಿ ಬಳಸತೊಡಗಿತು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಿ, ಸಂಜೆ ವಾರ್ತೆಗಾಗಿ ರೇಡಿಯೊ ಮುಂದೆ ಕೂತ ತಲೆಮಾರಿಗೆ ಅದು ಸರ್ಕಾರದ ದನಿಯ ಹೆಸರಾಯಿತು. ಮನೆಯೊಂದರ ಹೆಸರಾಗಿದ್ದ ನೆನಪು ಮಸುಕಾಯಿತು.

ಇಲ್ಲಿಯೇ ನಾವು ನಿಂತು ಯೋಚಿಸಬೇಕಾದ ಒಂದು ಮಾತಿದೆ. ಗೋಪಾಲಸ್ವಾಮಿ ಇಂದು ಬದುಕಿದ್ದು, ತಮ್ಮ ಮನೆಯಲ್ಲಿ ಅದೇ 30 ವ್ಯಾಟಿನ ಯಂತ್ರ ಹೂಡಿ ಪ್ರಸಾರ ಮಾಡಹೊರಟರೆ ಏನಾಗುತ್ತದೆ? ಅದು ಕಾನೂನಿಗೆ ವಿರುದ್ಧವಾಗುತ್ತದೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಾಗಕೂಡದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿತು. ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿ ಎಫ್‌ಎಂ ಬಂತು. ಹರಾಜಿನಲ್ಲಿ ಹಣ ಸುರಿಯಬಲ್ಲ ಕಂಪನಿಗಳಿಗೆ ಆ ದಾರಿ ತೆರೆಯಿತು. ಶಿಕ್ಷಣ ಸಂಸ್ಥೆಗಳಿಗೆ ಸ್ವಂತ ಬಾನುಲಿ ನಡೆಸುವ ಅವಕಾಶ ಸಿಕ್ಕಿದ್ದು 2002ರ ಕೊನೆಯಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಅದು ವಿಸ್ತರಣೆಯಾದದ್ದು 2006ರಲ್ಲಿ. ಒಬ್ಬ ವ್ಯಕ್ತಿ ಅರ್ಜಿ ಹಾಕುವಂತಿಲ್ಲ ಎಂದು ಆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಸ್ವಂತ ವಾರ್ತೆಯನ್ನು ಸಿದ್ಧಪಡಿಸಿ ಬಿತ್ತರಿಸುವ ಸ್ವಾತಂತ್ರ್ಯ ಖಾಸಗಿ ಕೇಂದ್ರಗಳಿಗೂ ಇಲ್ಲ, ಸಮುದಾಯ ಬಾನುಲಿಗಳಿಗೂ ಇಲ್ಲ.

ನಿರ್ಬಂಧಗಳಿಗೆ ಕಾರಣಗಳಿಲ್ಲವೆಂದಲ್ಲ. ತರಂಗಗಳ ಸಂಖ್ಯೆ ಮಿತವಾದದ್ದು. ಒಂದರ ಮೇಲೊಂದು ಪ್ರಸಾರ ಬಿದ್ದರೆ ಯಾರದೂ ಕೇಳಿಸದು. ದ್ವೇಷವನ್ನು ಬಿತ್ತುವವರ ಕೈಗೆ ಮೈಕು ಸಿಕ್ಕಿದರೆ ಆಗುವ ಅನಾಹುತವನ್ನು 1994ರ ರ್ವಾಂಡದಲ್ಲಿ ಜಗತ್ತು ಕಂಡಿದೆ. ಆದರೂ ಸಂಸ್ಥಾನದ ಆಳ್ವಿಕೆಯಲ್ಲಿ, ವಸಾಹತು ಕಾಲದಲ್ಲಿ ಒಬ್ಬ ಮೇಷ್ಟ್ರಿಗೆ ಸಾಧ್ಯವಾದದ್ದು ಗಣರಾಜ್ಯದ ಪ್ರಜೆಗೆ ಸಾಧ್ಯವಿಲ್ಲ ಎಂಬ ವಿಪರ್ಯಾಸ ಮನಸ್ಸನ್ನು ಕೊರೆಯದೆ ಇರದು. ಅವರಿಟ್ಟ ಹೆಸರನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ್ದೇವೆ. ಅವರು ಮಾಡಿದ ಕೆಲಸವನ್ನು ನಿಷೇಧಿಸಿದ್ದೇವೆ.

ಕರ್ನಾಟಕದಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನ ನಮ್ಮ ಧ್ವನಿ ಎಂಬ ಹೆಸರಿನಲ್ಲಿ ಕಾರ್ಯಕ್ರಮ ರೂಪಿಸತೊಡಗಿದಾಗ ಅವರಿಗೆ ತರಂಗ ಬಳಸುವ ಪರವಾನಗಿ ದೊರೆಯುವಂತಿರಲಿಲ್ಲ. ಟಿ.ವಿ. ಕೇಬಲ್ಲಿನ ತಂತಿಯ ಮೂಲಕವೇ ಅವರು ದನಿಯನ್ನು ಮನೆಮನೆಗೆ ಹರಿಸಿದರು. ಬಾನಿಗೆ ಪ್ರವೇಶವಿಲ್ಲದಾಗ ತಂತಿ ಹಿಡಿದ ಆ ಹಳ್ಳಿಗರು ಗೋಪಾಲಸ್ವಾಮಿಯವರ ನಿಜವಾದ ವಾರಸುದಾರರು.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ನಾಗರಹೊಳೆ ಕಾಡಿನ ಬಾಗಿಲಲ್ಲಿದೆ. ದಸರಾ ಆನೆಗಳ ಗಜಪಯಣ ಮೈಸೂರಿಗೆ ಹೊರಡುವುದು ಅಲ್ಲಿಂದ. ಕಾಡಂಚಿನ ಊರು ನಗರದ ಹಬ್ಬಕ್ಕೆ ತನ್ನ ಆನೆಗಳನ್ನು ಕಳುಹಿಸುತ್ತದೆ. ನಗರ ತಿರುಗಿ ಕಳುಹಿಸುವುದು ಜಂಬೂ ಸವಾರಿಯ ವೀಕ್ಷಕ ವಿವರಣೆಯನ್ನು. ದಶಕಗಳಿಂದ ನಡೆದುಬಂದ ಈ ಕೊಡುಕೊಳ್ಳುವಿಕೆಯಲ್ಲಿ ಕಾಡಂಚಿನವರು ಬಹುಪಾಲು ಕೇಳುಗರಾಗಿಯೇ ಉಳಿದರು. ಮಾತಾಡುವ ಸರದಿ ಅವರಿಗೆ ತಡವಾಗಿ ಬಂತು. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಜನಧ್ವನಿ ಎಂಬ ಸಮುದಾಯ ಬಾನುಲಿಯನ್ನು ಆರಂಭಿಸಿತು. ರೈತರು, ಹಾಡಿಯ ಜನರು ತಮ್ಮ ನುಡಿಯಲ್ಲಿಯೇ ಮಾತಾಡಬಲ್ಲ ಬಾನುಲಿ ಅದು. ಇಂಥ ಕೇಂದ್ರಗಳಿಗೆ ನಿಯಮ ಸಾಮಾನ್ಯವಾಗಿ ಕೊಡುವುದು 100 ವ್ಯಾಟ್ ಪ್ರಸರಣ ಬಲ. ಸುತ್ತಲಿನ ಸುಮಾರು ಹತ್ತು ಕಿಲೋಮೀಟರ್ ದೂರದವರೆಗಿನ ಊರುಗಳಿಗೆ ಸಾಲುವಷ್ಟು. ವಿಠ್ಠಲ ವಿಹಾರದ 30 ವ್ಯಾಟಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಎರಡೂ ಒಂದೇ ಕುಲದವು ಎಂಬುದು ತಿಳಿಯುತ್ತದೆ. ನೆರೆಹೊರೆಯನ್ನು ಮುಟ್ಟುವ ದನಿಗೆ ದೊಡ್ಡ ಗೋಪುರ ಬೇಕಿಲ್ಲ.

ಇಂದು ಮೊಬೈಲ್ ಇರುವವರೆಲ್ಲ ಪ್ರಸಾರಕರೇ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅಂತರ್ಜಾಲದಲ್ಲಿ ನಾವು ಕೇಳುವುದನ್ನು ದೂರದ ಕಂಪನಿಯೊಂದರ ಲೆಕ್ಕಾಚಾರ ಆರಿಸಿಕೊಡುತ್ತದೆ. ಪಕ್ಕದ ಮನೆಯವರು ಕೇಳುತ್ತಿರುವುದು ಬೇರೆಯೇ ಇರುತ್ತದೆ. ಒಂದು ಊರು ಒಂದೇ ಹೊತ್ತಿನಲ್ಲಿ ಒಂದೇ ದನಿಗೆ ಕಿವಿಗೊಡುವ ಅನುಭವ ಅದರಲ್ಲಿಲ್ಲ. ಗೋಪಾಲಸ್ವಾಮಿ ಮೈಸೂರಿಗೆ ಕೊಟ್ಟದ್ದು ಆ ಅನುಭವವನ್ನು.

ಮೈಸೂರಿಗೆ ಅವರ ನೆನಪಿಗೆ ಪ್ರತಿಮೆ ಬೇಕೆನ್ನುವವರು ಇರಬಹುದು. ಅದಕ್ಕಿಂತ ಸಾರ್ಥಕವಾದ ಕೆಲಸವೊಂದಿದೆ. ಜಿಲ್ಲೆಯ ಕಾಲೇಜುಗಳು, ಗ್ರಾಮ ಪಂಚಾಯಿತಿಗಳ ನೆರವು ಪಡೆದ ಸಂಘ ಸಂಸ್ಥೆಗಳು ಸಣ್ಣ ಬಾನುಲಿಗಳನ್ನು ಕಟ್ಟಲು ಮುಂದಾಗಲಿ; ಪರವಾನಗಿಯ ಹಾದಿಯನ್ನು ಸರ್ಕಾರ ಸುಗಮಗೊಳಿಸಲಿ; ಸ್ಥಳೀಯ ಸುದ್ದಿಯನ್ನು ಹೇಳುವ ಹಕ್ಕನ್ನು ಅವುಗಳಿಗೆ ಕೊಡಲಿ. ಆಕಾಶವಾಣಿ ಎಂಬ ಹೆಸರನ್ನು ಉಳಿಸಿಕೊಳ್ಳಲು ಒಂದು ಆದೇಶ ಸಾಕಾಯಿತು. ಆ ಹೆಸರನ್ನು ಹುಟ್ಟುಹಾಕಿದ ಧೈರ್ಯವನ್ನು ಉಳಿಸಿಕೊಳ್ಳಲು ಮನೆಯ ಬಾಗಿಲು ತೆರೆಯುವ ಮೇಷ್ಟ್ರುಗಳು ಬೇಕು. ಅವರನ್ನು ತಡೆಯದ ಕಾನೂನೂ ಬೇಕು.