ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯ (18 ನವೆಂಬರ್ 1888 – 28 ಫೆಬ್ರವರಿ 1989) ಕರ್ನಾಟಕ ಮೂಲದ ಯೋಗಾಚಾರ್ಯರು, ಸಂಸ್ಕೃತ ವಿದ್ವಾಂಸರು ಹಾಗೂ ಆಯುರ್ವೇದವನ್ನು ಬಲ್ಲ ಚಿಕಿತ್ಸಕರು. ಇಂದು ಜಗತ್ತಿನಾದ್ಯಂತ ರೂಢಿಯಲ್ಲಿರುವ ಆಸನಪ್ರಧಾನ ಯೋಗದ ಬಹುಭಾಗವು ಅವರ ಶಿಷ್ಯರ ಮೂಲಕ ಹರಡಿತು. ಆಸನವು ಅಭ್ಯಾಸಿಗೆ ಹೊಂದಿಕೊಳ್ಳಬೇಕೇ ಹೊರತು ಅಭ್ಯಾಸಿಯು ಆಸನಕ್ಕಲ್ಲ ಎಂಬುದು ಅವರ ಉತ್ತರಕಾಲದ ಬೋಧನೆಯ ತಿರುಳು. ಶೀರ್ಷಾಸನವನ್ನು ಕಲಿಯುವವರಿಗೆ ಈ ತತ್ತ್ವವು ವಿಶೇಷವಾಗಿ ಅನ್ವಯಿಸುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಶ್ರೀವೈಷ್ಣವ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮೈಸೂರಿಗೆ ಬಂದು ಪರಕಾಲ ಮಠದ ಆಶ್ರಯದಲ್ಲಿ ವ್ಯಾಸಂಗ ಮಾಡಿದರು. ಮುಂದೆ ಕಾಶಿಯಲ್ಲಿ ಶಾಸ್ತ್ರಾಧ್ಯಯನ ನಡೆಸಿದರು. ಮಾನಸ ಸರೋವರದ ಪ್ರದೇಶದಲ್ಲಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳ ಬಳಿ ಸುಮಾರು ಏಳೂವರೆ ವರ್ಷ ಯೋಗವನ್ನು ಕಲಿತುದಾಗಿ ಅವರೇ ಹೇಳಿಕೊಂಡಿದ್ದಾರೆ. ಅವರ ಪತ್ನಿ ನಾಮಗಿರಿಯಮ್ಮನವರು ಮುಂದೆ ಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಅಕ್ಕ.

ಮೈಸೂರಿನ ಯೋಗಶಾಲೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪ್ರೋತ್ಸಾಹದಿಂದ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. 1934ರಲ್ಲಿ ಕನ್ನಡದಲ್ಲಿ ಅವರ 'ಯೋಗ ಮಕರಂದ'ವೂ 1941ರಲ್ಲಿ 'ಯೋಗಾಸನಗಳು' ಕೃತಿಯೂ ಪ್ರಕಟವಾದವು. ಉಸಿರಾಟದೊಂದಿಗೆ ಚಲನೆಯನ್ನು ಹೊಂದಿಸಿ ಆಸನವನ್ನು ಹಂತಹಂತವಾಗಿ ಪ್ರವೇಶಿಸುವ ವಿನ್ಯಾಸಕ್ರಮವು ಅವರ ಬೋಧನೆಯ ಮುಖ್ಯ ಲಕ್ಷಣವಾಗಿತ್ತು. ಯೋಗದ ಪ್ರಚಾರಕ್ಕಾಗಿ ಶಿಷ್ಯರೊಡನೆ ಊರೂರಿಗೆ ಹೋಗಿ ಪ್ರದರ್ಶನಗಳನ್ನೂ ನಡೆಸುತ್ತಿದ್ದರು. ಅಂತಹ ಪ್ರವಾಸದ ಸಂದರ್ಭದಲ್ಲಿಯೇ ಧಾರವಾಡದಲ್ಲಿ ಮಹಿಳೆಯರಿಗೆ ಆಸನ ಕಲಿಸುವ ಹೊಣೆ ತರುಣ ಅಯ್ಯಂಗಾರರ ಪಾಲಿಗೆ ಬಂದಿತು. 1930ರ ದಶಕದ ಕೊನೆಯಲ್ಲಿ ಇಂದ್ರಾ ದೇವಿ ಅವರ ಶಿಷ್ಯೆಯಾದರು. ಮೊದಲು ಆಕೆಯನ್ನು ಸೇರಿಸಿಕೊಳ್ಳಲು ಅವರು ಒಪ್ಪಿರಲಿಲ್ಲ.

ಆ ಕಾಲದಲ್ಲಿ ಅವರ ಶಿಸ್ತು ಕಠೋರವಾಗಿತ್ತು. ಗುರುವಿನ ಆಜ್ಞೆಯಂತೆ ಸಿದ್ಧತೆಯಿಲ್ಲದೆ ಹನುಮಾನಾಸನ ಮಾಡಿ ತೊಡೆಯ ಹಿಂಭಾಗದ ಸ್ನಾಯು ಹರಿದುದನ್ನು ಅಯ್ಯಂಗಾರರು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಶೀರ್ಷಾಸನ ಮತ್ತು ಶಿಷ್ಯಪರಂಪರೆ

ಶೀರ್ಷಾಸನದಲ್ಲಿ ದೇಹದ ಭಾರ ಎಲ್ಲಿರಬೇಕು ಎಂಬ ವಿಷಯದಲ್ಲಿ ಅವರ ಇಬ್ಬರು ಪ್ರಮುಖ ಕನ್ನಡಿಗ ಶಿಷ್ಯರ ಅಭಿಪ್ರಾಯಗಳು ಭಿನ್ನವಾಗಿವೆ. ಕೆ. ಪಟ್ಟಾಭಿ ಜೋಯಿಸರು ತಮ್ಮ 'ಯೋಗ ಮಾಲಾ'ದಲ್ಲಿ ತೋಳುಗಳ ಬಲದ ಮೇಲೆಯೇ ನಿಲ್ಲಬೇಕೆಂದು ಒತ್ತಿ ಹೇಳುತ್ತಾರೆ. ಅಯ್ಯಂಗಾರರು 1966ರ 'ಲೈಟ್ ಆನ್ ಯೋಗ' ಗ್ರಂಥದಲ್ಲಿ ಭಾರವು ನೆತ್ತಿಯ ಮೇಲಿದ್ದು, ಮುಂಗೈಗಳು ಸಮತೋಲನಕ್ಕೆ ಮಾತ್ರ ನೆರವಾಗಬೇಕೆನ್ನುತ್ತಾರೆ. ಆದುದರಿಂದ ಪುಸ್ತಕ ನೋಡಿ ತಾನೇ ಕಲಿಯುವುದಕ್ಕಿಂತ, ಒಬ್ಬ ಅನುಭವಿ ಗುರುವಿನ ಕ್ರಮವನ್ನು ಅನುಸರಿಸುವುದು ಸುರಕ್ಷಿತ.

ಸಾಮಾನ್ಯವಾಗಿ ಒಪ್ಪಿತವಾದ ಎಚ್ಚರಿಕೆಗಳು ಹೀಗಿವೆ: ಹೊಟ್ಟೆ ಖಾಲಿಯಿರಬೇಕು, ಮಡಿಸಿದ ಕಂಬಳಿಯನ್ನು ಹಾಸಬೇಕು, ಬೆರಳುಗಳನ್ನು ಹೆಣೆದು ಮೊಣಕೈಗಳನ್ನು ಭುಜದಗಲಕ್ಕೆ ಇಡಬೇಕು, ಕಾಲುಗಳನ್ನು ಜಿಗಿದು ಎತ್ತಬಾರದು, ಆರಂಭದಲ್ಲಿ ಗೋಡೆಯ ಅಥವಾ ಕೋಣೆಯ ಮೂಲೆಯ ಆಸರೆ ಪಡೆಯಬೇಕು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಗ್ಲಾಕೋಮಾ ಉಳ್ಳವರು ಇದನ್ನು ಮಾಡಬಾರದು. ಅಧಿಕ ರಕ್ತದೊತ್ತಡ ಅಥವಾ ಕತ್ತಿನ ಮೂಳೆಯ ತೊಂದರೆಯುಳ್ಳವರಿಗೂ ಇದು ಸಲ್ಲದು. ಶೀರ್ಷಾಸನದ ಬಳಿಕ ಪ್ರತಿಕ್ರಿಯೆಯಾಗಿ ಸರ್ವಾಂಗಾಸನವನ್ನು ಮಾಡುವುದು ಈ ಪರಂಪರೆಯ ವಾಡಿಕೆ.

ಮದ್ರಾಸಿನ ದಿನಗಳು ಮತ್ತು ನಿಧನ

ರಾಜಾಶ್ರಯ ತಪ್ಪಿದ ಮೇಲೆ 1950ರಲ್ಲಿ ಯೋಗಶಾಲೆ ಮುಚ್ಚಿತು. ಪಾರ್ಶ್ವವಾಯುವಿಗೆ ಒಳಗಾಗಿದ್ದ ನ್ಯಾಯವೇತ್ತರೊಬ್ಬರ ಚಿಕಿತ್ಸೆಗಾಗಿ ಮದ್ರಾಸಿಗೆ ಹೋದ ಕೃಷ್ಣಮಾಚಾರ್ಯರು ಅಲ್ಲಿಯೇ ನೆಲೆಸಿದರು. ಮೈಸೂರಿನಲ್ಲಿ ಅವರು ಬಹುಮಟ್ಟಿಗೆ ಬಾಲಕರ ಗುಂಪಿಗೆ ಪಾಠ ಹೇಳಿದ್ದರು. ಇಲ್ಲಿ ರೋಗಿಗಳು, ವೃದ್ಧರು, ಗೃಹಸ್ಥರು ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬರನ್ನೂ ಪರೀಕ್ಷಿಸಿ, ಅವರವರ ಶಕ್ತಿಗೆ ತಕ್ಕ ಅಭ್ಯಾಸವನ್ನು ರೂಪಿಸಿಕೊಡುವ ಪದ್ಧತಿ ಇಲ್ಲಿ ಪಕ್ವವಾಯಿತು. ತಮ್ಮ 96ನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ತಾವೇ ರೂಪಿಸಿಕೊಂಡರು.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು. ಕೃಷ್ಣಮಾಚಾರ್ಯರು ನೂರು ವರ್ಷಗಳನ್ನು ಪೂರೈಸಿ 1989ರ ಫೆಬ್ರವರಿ 28ರಂದು ಅದೇ ನಗರದಲ್ಲಿ ನಿಧನ ಹೊಂದಿದರು.